ಒಂದೂ ಸುಕ್ಕಿಲ್ಲ

ಮಾರ್ಚ್ ೩, ಸೋಮವಾರ. ಬೆಳಿಗ್ಗೆ ೬.೧೦

ಬೆರಳು ಇನ್ನೂ ಬಿಳಿ. ಬಿಸಿನೀರಿನ ಬೋಗುಣಿಯಲ್ಲಿ ಅದ್ದಿ ಕೂತು ಹತ್ತು ನಿಮಿಷವಾಯಿತು. ಮೊದಲು ಬಿಳಿ, ಆಮೇಲೆ ನೀಲಿ, ಆಮೇಲೆ ಕೆಂಪು. ಕೆಂಪಾದ ಮೇಲೆ ಉರಿ. ಉರಿ ಶುರುವಾದರೆ ಸರಿ, ಗುಂಡಿ ಹಾಕಿಕೊಳ್ಳಲು ಬರುತ್ತದೆ. ಏಳಕ್ಕೆ ಲ್ಯಾಬ್ ತೆರೆಯಬೇಕು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವವರು ಆರೂವರೆಗೇ ಬಾಗಿಲ ಮುಂದೆ ನಿಂತಿರುತ್ತಾರೆ. ಹಸಿದವರ ಸಿಟ್ಟು ಬೇರೆ...

ಮಧ್ಯಾಹ್ನ ೨

ಮೂವತ್ತೊಂದು ಜನ. ಒಬ್ಬಾಕೆ, ನನಗಿಂತ ಚಿಕ್ಕವಳೇ ಇರಬೇಕು, ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು.

“ಟ್ರೈನಿಂಗಾ? ಬೇಜಾರು ಮಾಡ್ಕೋಬೇಡಮ್ಮ, ಒಳಗೆ ಸೀನಿಯರ್ ಯಾರಾದ್ರೂ ಇದ್ರೆ ಕರಿ.”

“ನಾನೇ ಸೀನಿಯರ್. ಸೂಜಿ ಹಿಡಿದು ಇಪ್ಪತ್ನಾಲ್ಕು ವರ್ಷ ಆಯ್ತು.”

“ಹುಟ್ಟಿದಾಗಿಂದಾನಾ?”

ಸಾಲಿನಲ್ಲಿ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕರೂ ಬಾಯಿ ಈಗ ಅಗಲವಾಗುವುದಿಲ್ಲ, ತುಟಿ ಸ್ವಲ್ಪ ಬಿಗಿಯುತ್ತದೆ ಅಷ್ಟೆ. ಅದನ್ನು ನಾಚಿಕೆ ಎಂದುಕೊಳ್ಳುತ್ತಾರೆ.

ನಲವತ್ತೇಳು ನನಗೆ. ಹಣೆಯಲ್ಲಿ ಗೆರೆಯಿಲ್ಲ, ಕಣ್ಣಂಚಿನಲ್ಲಿ ಗೆರೆಯಿಲ್ಲ. ಸ್ಕ್ಲೆರೋಡರ್ಮಾ — ಚರ್ಮ ಗಟ್ಟಿಯಾಗುತ್ತ ಹೋಗುವ ಕಾಯಿಲೆ, ವಾಸಿಯಾಗುವಂಥದ್ದಲ್ಲ. ಐದು ವರ್ಷದಿಂದ ಕೂತಲ್ಲೇ ಕೂತು ನನ್ನ ಮುಖಕ್ಕೆ ಇಸ್ತ್ರಿ ಹಾಕುತ್ತಿದೆ. ಮೇಲೆ ಥಳಕು, ಒಳಗೆ ಹುಳುಕು. ಬೆರಳಿನ ವಿಷಯ ಮಗಳಿಗೆ ಗೊತ್ತು. ಮುಖವೂ ಅದರದೇ ಕೆಲಸ ಎಂದು ಹೇಳಿಲ್ಲ. ಅವಳಿಗೆ ನನ್ನ ಮುಖದ ಮೇಲೆ ಅಷ್ಟು ಹೆಮ್ಮೆ.

ಮಾರ್ಚ್ ೧೨, ಬುಧವಾರ

ದೊಡ್ಡಾಸ್ಪತ್ರೆ. ಒಣಕೆಮ್ಮು ಶುರುವಾಗಿ ಎರಡು ತಿಂಗಳಾದ್ದರಿಂದ ಉಸಿರಿನ ಪರೀಕ್ಷೆ. ಕೊಳವೆ ಬಾಯಲ್ಲಿಟ್ಟುಕೊಂಡು ಊದಬೇಕು. ಒಳಗೆ ಹೋಗಲಿಲ್ಲ. ಬಾಯಿ ತೆರೆಯುವುದೇ ಎರಡು ಬೆರಳಿನಷ್ಟು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಮೊದಲು ಹೇಳಿದವರಿಗೂ ಇದೇ ಕಾಯಿಲೆಯಿತ್ತೇನೋ. ಕೊನೆಗೆ ಮಕ್ಕಳ ಕೊಳವೆ ತಂದರು.

ಪರೀಕ್ಷೆ ಮಾಡುವವನು ಜೊತೆಗೆ ಬಂದಿದ್ದ ಇವರಿಗೆ ಹೇಳಿದ — “ಮಗಳನ್ನ ಸ್ವಲ್ಪ ನೆಟ್ಟಗೆ ಕೂರಿಸಿ ಸರ್.”

ಇವರು ನೆಟ್ಟಗೆ ಕೂರಿಸಿದರು. ಐವತ್ತಮೂರು ಇವರಿಗೆ, ಸ್ಕೂಲ್ ವ್ಯಾನ್ ಓಡಿಸಿ ಓಡಿಸಿ ಬೆನ್ನು ಬಾಗಿದೆ, ತಲೆ ಪೂರ್ತಿ ನರೆತಿದೆ. ವಾಪಸ್ ಬರುವಾಗ ಕೇಳಿದೆ, ಹೆಂಡತಿ ಅಂತ ಹೇಳಬಹುದಿತ್ತಲ್ಲ.

“ಎಷ್ಟು ಜನಕ್ಕೆ ಅಂತ ಹೇಳ್ಲಿ? ಹೇಳಿದ್ರೆ ನಿನ್ನ ನೋಡಿ ನನ್ನ ನೋಡ್ತಾರೆ. ಏನೋ ಕದ್ದಿದೀನಿ ಅನ್ನೋ ಥರ.”

ಈ ಮನುಷ್ಯ ಒಂದು ವರ್ಷದಿಂದ ರಸ್ತೆಯಲ್ಲಿ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದದ್ದು ಯಾಕೆಂದು ಇವತ್ತು ಗೊತ್ತಾಯಿತು.

ಪರೀಕ್ಷೆಯ ಹಾಳೆಯಲ್ಲಿ ಮೆಷಿನ್ ತಾನೇ ಅಚ್ಚು ಹಾಕಿ ಕೊಟ್ಟಿದೆ. ವಯಸ್ಸು: ೪೭. ಶ್ವಾಸಕೋಶದ ವಯಸ್ಸು: ೮೩.

ಮಾರ್ಚ್ ೧೮, ಮಂಗಳವಾರ

ಸ್ಕ್ಯಾನ್ ಆಯಿತು. ಡಾಕ್ಟರು ಅಂಗೈ ಎರಡೂ ಜೋಡಿಸಿ ತೋರಿಸಿ ಎಂದರು. ಜೋಡಿಸಿದೆ. ನಡುವೆ ಒಂದು ನಿಂಬೆಹಣ್ಣು ಇಡಬಹುದು, ಅಷ್ಟು ಸಂದು. ದೇವರಿಗೆ ಕೈ ಮುಗಿಯುವುದಕ್ಕೂ ಬರದು ಇನ್ನು. ಅವನಿಗೂ ಅದೇನು ಬೇಕಿರಲಿಲ್ಲವೋ ಏನೋ.

“ಲಂಗ್ಸೂ ಗಟ್ಟಿಯಾಗ್ತಿದೆ. ಕೆಳಭಾಗ ಎರಡೂ ಕಡೆ. ಮಾತ್ರೆ ಬದಲಾಯಿಸ್ತೀನಿ, ನಿಧಾನ ಆಗಬಹುದು. ನಿಲ್ಲುತ್ತೆ ಅಂತ ಹೇಳಲ್ಲ.” ಆಮೇಲೆ ನನ್ನನ್ನು ನೋಡಿ, “ನಿಮ್ಮನ್ನ ನೋಡಿದ್ರೆ ಯಾರೂ ಅಂದ್ಕೊಳಲ್ಲ.”

ಮಗಳಿಗೆ ಜೂನ್ ಇಪ್ಪತ್ತರವರೆಗೆ ಪರೀಕ್ಷೆ, ಕೊನೆಯ ವರ್ಷ. ಅಲ್ಲಿಯತನಕ ಹೇಳುವುದು ಬೇಡ ಎಂದು ನಾನೂ ಇವರೂ ಮಾತಾಡಿಕೊಂಡೆವು. ಸ್ಕ್ಯಾನಿನ ಕವರನ್ನು ಬೀರುವಿನಲ್ಲಿ ಹಳೇ ಬೆಡ್‌ಶೀಟಿನ ಕೆಳಗೆ ಇಟ್ಟೆ.

ಮಾರ್ಚ್ ೩೦, ಭಾನುವಾರ

ಮಗಳು ಕೆನ್ನೆಗೆ ಕೆನ್ನೆ ತಾಗಿಸಿ ಫೋಟೋ ತೆಗೆದಳು. ಸಂಜೆಯೊಳಗೆ ಫೋನಿನಲ್ಲಿ ಎಲ್ಲರಿಗೂ ಹಾಕಿಬಿಟ್ಟಿದ್ದಾಳೆ — ಇವರಲ್ಲಿ ಅಮ್ಮ ಯಾರು ಹೇಳಿ ನೋಡೋಣ ಎಂದು. ಒಂದೊಂದೇ ಓದಿ ಹೇಳುತ್ತಿದ್ದಳು, ಹಾಸಿಗೆಯ ಮೇಲೆ ಕಾಲು ಮಡಚಿ ಕೂತು.

“ಕೇಳಮ್ಮ, ‘ಬಲಗಡೆ ಇರೋರು ಅಕ್ಕ’ ಅಂತೆ, ಅಂದ್ರೆ ನಾನು! ನನ್ನೇ ನಿನ್ನ ಅಕ್ಕ ಮಾಡಿದಾರೆ. ಇವಳು ನೋಡು, ಯಾವ ಕ್ರೀಮು ಕೇಳು ಅಂತಿದಾಳೆ. ಏನ್ ಹೇಳ್ಲಿ?”

“ಸೋಪು ನೀರು ಅನ್ನು.”

“ಸುಳ್ಳಿ. ಏನೋ ಗುಟ್ಟಿದೆ.”

ಬಿದ್ದೂ ಬಿದ್ದೂ ನಗುತ್ತಿದ್ದಳು. ಇಪ್ಪತ್ತು ವರ್ಷದ ನಗು, ಬಾಯಿತುಂಬ. ಬೇಡ, ತೆಗೆದುಹಾಕು ಎಂದು ಹೇಳಲು ಹೊರಟವಳು ಸುಮ್ಮನಾದೆ.

ಏಪ್ರಿಲ್ ೧೯, ಶನಿವಾರ

ಬರೆಯಲೇಬೇಕು. ಇಲ್ಲದಿದ್ದರೆ ತಲೆಯಲ್ಲೇ ಗಿರಗಿರ ಸುತ್ತುತ್ತದೆ.

ಮೇಷ್ಟ್ರು ಬಂದಿದ್ದರು. ಎಪ್ಪತ್ತೆಂಟು ವರ್ಷ, ಗಣಿತ ಹೇಳಿಕೊಡುತ್ತಿದ್ದವರು. ಹೃದಯದ ಕವಾಟ ಬದಲಾಯಿಸಿದ ಮೇಲೆ ರಕ್ತ ತೆಳ್ಳಗಿಡುವ ಮಾತ್ರೆ ತಿನ್ನುತ್ತಾರೆ, ಅದಕ್ಕೆ ತಿಂಗಳಿಗೊಮ್ಮೆ ಪರೀಕ್ಷೆ. ಒಂಬತ್ತು ವರ್ಷದಿಂದ ನನಗಲ್ಲದೆ ಇನ್ನೊಬ್ಬರಿಗೆ ಕೈ ಕೊಟ್ಟವರಲ್ಲ. ನಾನು ರಜೆಯಲ್ಲಿದ್ದರೆ ಹಾಗೇ ವಾಪಸ್ ಹೋಗಿ ಮಾರನೆಯ ದಿನ ಮತ್ತೆ ಉಪವಾಸ ಬರುತ್ತಾರೆ, ಆ ಪರೀಕ್ಷೆಗೆ ಉಪವಾಸ ಬೇಡವೆಂದು ನೂರು ಸಲ ಹೇಳಿದ್ದರೂ.

ಅವರ ನರ ನನಗೆ ಬಾಯಿಪಾಠ. ಎಡಗೈ, ಮಚ್ಚೆಯಿಂದ ಒಂದು ಬೆರಳು ಒಳಕ್ಕೆ. ರಬ್ಬರ್ ಪಟ್ಟಿ ಬಿಗಿದೆ. ಬೆರಳಿಟ್ಟೆ. ಏನೂ ಸಿಗಲಿಲ್ಲ. ನರ ಎಲ್ಲಿ ಹೋದೀತು, ಅಲ್ಲೇ ಇತ್ತು. ನನ್ನ ಬೆರಳ ತುದಿಗೆ ತಿಳಿಯಲಿಲ್ಲ. ಕಣ್ಣಂದಾಜಿನಲ್ಲಿ ಚುಚ್ಚಿದೆ. ಬರಲಿಲ್ಲ. ಇನ್ನೊಂದು ಕಡೆ ಚುಚ್ಚಿದೆ. ಬರಲಿಲ್ಲ. ಮೂರನೆಯ ಸಲ ಒಂದೆಳೆ ರಕ್ತ ಕಂಡಿತು, ಸಿರಿಂಜ್ ಎಳೆಯುವಾಗ ಬೆರಳು ಜಾರಿತು. ಚರ್ಮದ ಕೆಳಗೇ ರಕ್ತ ಹರಡಿ ನೋಡನೋಡುತ್ತ ಊದಿಕೊಂಡಿತು. ಅವರ ರಕ್ತ ಬೇಗ ನಿಲ್ಲುವುದಿಲ್ಲ. ಹತ್ತಿಯಿಟ್ಟು ಒತ್ತಿ ಹಿಡಿಯಬೇಕು... ಒತ್ತುವುದಕ್ಕೂ ನನ್ನ ಕೈಯಲ್ಲಿ ಬಲವಿಲ್ಲ. ಅವರೇ ಬಲಗೈಯಿಂದ ಒತ್ತಿಕೊಂಡರು.

“ನನ್ನ ನರಾನೇ ಹಳೇದಾಗಿದೆ ತಾಯಿ. ನಿಂದೇನೂ ತಪ್ಪಿಲ್ಲ.”

“ಇಲ್ಲ ಮೇಷ್ಟ್ರೇ, ನನ್ ಕೈನೇ ಸರಿಯಿಲ್ಲ.”

“ನಿನ್ ಕೈಗೇನು ಧಾಡಿ? ಇನ್ನೂ ಚಿಕ್ಕ ವಯಸ್ಸು.” ಊದಿದ ಕೈ ಸ್ವಲ್ಪ ಹೊತ್ತಿಗೆ ಬಿಟ್ಟು ಬಲಗೈ ಚಾಚಿದರು. “ತಗೋ, ಇದ್ರಲ್ಲಿ ನೋಡು. ಹೆದರ್ಕೋಬೇಡ.”

ನೋಡಲಿಲ್ಲ. ಒಳಗಿದ್ದ ಟೆಕ್ನಿಷಿಯನ್‌ನನ್ನು ಕರೆದು ಸ್ಟೋರ್ ರೂಮಿಗೆ ಹೋಗಿ ಟ್ಯೂಬಿನ ಡಬ್ಬಗಳ ಮಧ್ಯೆ ನಿಂತೆ. ಅವನು ಒಂದೇ ಸಲಕ್ಕೆ ತೆಗೆದ. ಮೇಷ್ಟ್ರು ಹೋಗುವಾಗ ನಾನೆಲ್ಲಿ ಎಂದು ಕೇಳಿದರಂತೆ. ಕೇಳಿದರೆ ಇಲ್ಲ ಅನ್ನು ಎಂದು ಅವನಿಗೆ ಮೊದಲೇ ಹೇಳಿದ್ದೆ.

ಏಪ್ರಿಲ್ ೨೧, ಸೋಮವಾರ

ಲ್ಯಾಬಿನ ಯಜಮಾನರ ಹತ್ತಿರ ನಾನೇ ಹೋದೆ. ಇನ್ನು ಸೂಜಿ ಹಿಡಿಯುವುದಿಲ್ಲ ಸರ್ ಎಂದೆ. ಕೈ ಮುಂದೆ ಚಾಚಿ ತೋರಿಸಿದೆ. ಮುಷ್ಟಿ ಮಡಚಲು ಬರದ ಹತ್ತು ಬೆರಳು. ಬಹಳ ಹೊತ್ತು ನೋಡಿದರು.

“ಕೌಂಟರ್‌ಗೆ ಬನ್ನಿ ಸಿಸ್ಟರ್. ರಿಪೋರ್ಟ್ ಕೊಡೋದು ಅಷ್ಟೇ. ನಿಮ್ಮಂಥ ಲಕ್ಷಣವಾದ ಮುಖ ಮುಂದೆ ಇದ್ರೆ ಬಂದೋರಿಗೂ ಒಂದು ಧೈರ್ಯ.”

ಒಳ್ಳೆಯವರು. ಒಳ್ಳೆಯ ಮಾತನ್ನೇ ಆಡಿದರು. ಥ್ಯಾಂಕ್ಸ್ ಸರ್ ಎಂದು ಬಂದೆ. ನನಗೆ ಗೊತ್ತಿದ್ದದ್ದು ಒಂದೇ ಕೆಲಸ.

ಮೇ ೧೪, ಬುಧವಾರ

ಬರೆಯುವಂಥದ್ದೇನೂ ನಡೆಯುತ್ತಿಲ್ಲ. ಹೆಸರು ಕೇಳುವುದು, ಕವರ್ ಹುಡುಕುವುದು, ಕೊಡುವುದು. ನಾಲ್ಕು ಮಾತಾಡಿದರೆ ಕೆಮ್ಮು. ಬಸ್‌ಸ್ಟಾಪಿನಿಂದ ಮನೆಗೆ ಬರುವಾಗ ಎರಡು ಕಡೆ ನಿಲ್ಲುತ್ತೇನೆ, ಫೋನು ನೋಡುವವಳ ಹಾಗೆ.

ಇವತ್ತು ಒಬ್ಬ ಹಿರಿಯ ಹೆಂಗಸು ತನ್ನ ಸಕ್ಕರೆಯ ರಿಪೋರ್ಟ್ ಪಡೆದರೂ ಹೋಗದೆ ನಿಂತರು. ಕೌಂಟರಿನ ಮೇಲೆ ಬಾಗಿ, “ಒಂದ್ ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡ. ಮದುವೆ ಆಗಿದ್ಯಾ? ನನ್ನ ತಮ್ಮನ ಮಗ ಒಬ್ಬ ಇದಾನೆ. ಮೂವತ್ತೊಂದು. ಬಂಗಾರದಂಥ ಹುಡುಗ.”

“ನನ್ ಮಗಳಿಗೇ ಇಪ್ಪತ್ತು ವರ್ಷ ಅಮ್ಮ.”

ಅವರು ದವಡೆಗೆ ಕೈಯಿಟ್ಟುಕೊಂಡರು. “ಅಯ್ಯೋ ಪುಣ್ಯವಂತೆ! ಏನು ಆರೋಗ್ಯ, ಏನು ಆರೋಗ್ಯ!”

ಅದೇ ಗಳಿಗೆಯಲ್ಲಿ ಕೆಮ್ಮು ಹಿಡಿಯಿತು. ಬಿಡಲಿಲ್ಲ. ನೀರು ಕುಡಿಸಿ ಬೆನ್ನು ಸವರಿದವರೂ ಅವರೇ. ಹೋಗುವಾಗ ತಣ್ಣೀರು ಕುಡೀಬೇಡ ಮಗಾ ಎಂದು ಹೇಳಿಹೋದರು.

ಒಮ್ಮೊಮ್ಮೆ ಕನ್ನಡಿಯ ಮುಂದೆ ನಿಂತು ಹಣೆ ಗಂಟಿಕ್ಕಲು ನೋಡುತ್ತೇನೆ. ಬರುವುದಿಲ್ಲ. ಒಂದೇ ಒಂದು ಗೆರೆ ಮೂಡಿದರೂ ಸಾಕಿತ್ತು. ನಮ್ಮಮ್ಮನ ಹಣೆಯಲ್ಲಿ ಮೂರಿದ್ದವು, ಸಿಟ್ಟು ಬಂದಾಗ ನಾಲ್ಕು. ನನಗೂ ಹಾಗೇ ಆಗುತ್ತದೆಂದು ಒಂದು ಕಾಲಕ್ಕೆ ಹೆದರಿದ್ದೆ. ಎಂಥ ಪೆದ್ದಿ.

ಜೂನ್ ೮, ಭಾನುವಾರ

ಗೊತ್ತಾಯಿತು ಅವಳಿಗೆ.

ಸೆಕೆ ಎಂದು ತೆಳುವಾದ ಹಳೇ ಬೆಡ್‌ಶೀಟ್ ಹುಡುಕಿಕೊಂಡು ಬೀರು ತೆರೆದಳಂತೆ. ನಾನು ತರಕಾರಿ ಮುಂದಿಟ್ಟುಕೊಂಡು ಕೂತಿದ್ದೆ. ಕವರ್ ಹಿಡಿದು ಬಂದು ಎದುರಿಗೆ ನಿಂತಳು. ಫೋನಿನಲ್ಲಿ ಅಷ್ಟರಲ್ಲೇ ಕಾಯಿಲೆಯ ಬಗ್ಗೆ ಎಲ್ಲ ಓದಿ ಮುಗಿಸಿದ್ದಳು. ಮುಖ ನೋಡಿದರೇ ತಿಳಿಯಿತು. ಅವಳ ಮುಖದಲ್ಲಿ ತಿಳಿಯುತ್ತದೆ.

“ಇದೇನಮ್ಮ?”

“ಹಳೇದು ಕಣೆ.”

“ಮಾರ್ಚ್ ಹದಿನೆಂಟು ಅಂತಿದೆ. ಅಪ್ಪಂಗೆ ಗೊತ್ತಾ?”

ಇವರು ಬಾಗಿಲಲ್ಲಿ ನಿಂತಿದ್ದವರು ತಲೆ ತಗ್ಗಿಸಿದರು.

“ನಿನ್ನ ಪರೀಕ್ಷೆ ಮುಗೀಲಿ ಅಂತ...” ಎಂದೆ.

“ಇಬ್ರೂ ಸೇರ್ಕೊಂಡು ನನ್ನ ಪೆದ್ದಿ ಮಾಡಿದ್ರಿ! ಆ ಫೋಟೋ ಹಾಕ್ದೆ ನಾನು. ನಮ್ಮಮ್ಮನ್ನ ನೋಡಿ ನೋಡಿ ಅಂತ ಕುಣಿದಾಡ್ದೆ. ಕ್ರೀಮ್ ಯಾವ್ದು ಅಂತ ಕೇಳಿದ್ರಲ್ಲ, ಸೋಪು ನೀರು ಅಂತ ಬರೆದೆ. ಅದು ನಿನ್ ಕಾಯಿಲೆ ಅಮ್ಮ! ನಿನ್ ಕಾಯಿಲೆ ನೋಡಿ ಖುಷಿಪಟ್ಟೆ ನಾನು. ಒಂದ್ ಮಾತು ಹೇಳಬಾರದಿತ್ತಾ?”

“ನೀನು ನಗ್ತಿದ್ದೆ.”

“ನಿನ್ನ ಮುಖ ನೋಡಿದ್ರೆ ಏನೂ ಗೊತ್ತಾಗಲ್ಲ! ನೋವಾದ್ರೂ ಅದೇ ಮುಖ, ಖುಷಿ ಆದ್ರೂ ಅದೇ ಮುಖ. ಈಗ್ಲೂ ನೋಡು, ನಾನಿಷ್ಟು ಕೂಗಾಡ್ತಿದೀನಿ, ನೀನು ಗೊಂಬೆ ಥರ ಕೂತಿದೀಯ!”

ಒಳಗೆ ನಾನೂ ಅವಳಷ್ಟೇ ಜೋರಾಗಿ ಕೂಗಾಡುತ್ತಿದ್ದೆ. ಮುಖಕ್ಕೆ ಸುದ್ದಿ ಮುಟ್ಟಲಿಲ್ಲ.

ಜೂನ್ ೯, ಸೋಮವಾರ

ಊದಿದ ಕಣ್ಣಿನಲ್ಲೇ ಪರೀಕ್ಷೆಗೆ ಹೋದಳು. ಹೇಗಾಯಿತೆಂದು ಕೇಳಲು ಧೈರ್ಯ ಬರಲಿಲ್ಲ. ಬಂದವಳು ಫೋಟೋ ಅಳಿಸಿದೆ ಎಂದಳು. ಬಾಚಣಿಗೆ ತಂದು ನನ್ನ ಹಿಂದೆ ಕೂತು ಜಡೆ ಹಾಕಿದಳು. ಕೈ ಎತ್ತಲು ಆಗದೆ ತಿಂಗಳಿಂದ ಸುಮ್ಮನೆ ಗಂಟು ಕಟ್ಟಿಕೊಳ್ಳುತ್ತಿದ್ದೆ, ಅದೂ ಅವಳಿಗೆ ಈಗ ಕಂಡಿದೆ. ಸಿಕ್ಕು ಬಿಡಿಸಲು ಅರ್ಧ ಗಂಟೆ. ಕುತ್ತಿಗೆಯ ಮೇಲೆ ಎರಡು ಸಲ ಬೆಚ್ಚಗೆ ಹನಿ ಬಿತ್ತು.

ಆಗಸ್ಟ್ ೧೭, ಭಾನುವಾರ. ಮಧ್ಯಾಹ್ನ

ಎರಡು ತಿಂಗಳ ಮೇಲೆ ಪೆನ್ನು. ಹೆಬ್ಬೆರಳಿಗೂ ಅಂಗೈಗೂ ನಡುವೆ ಸಿಕ್ಕಿಸಿಕೊಂಡಿದ್ದೇನೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು.

ಜುಲೈ ಕೊನೆಯಲ್ಲಿ ಕಫ ಕಟ್ಟಿ ಜ್ವರ. ಹತ್ತೊಂಬತ್ತು ದಿನ ಆಸ್ಪತ್ರೆ. ಶುಕ್ರವಾರ ಬಿಟ್ಟರು. ಮಂಚದ ಪಕ್ಕದಲ್ಲಿ ಆಮ್ಲಜನಕದ ಮೆಷಿನ್, ಮೂಗಿಗೆ ನಳಿಗೆ. ದಿನವಿಡೀ ಗುರ್‌ ಎನ್ನುತ್ತದೆ. ಲ್ಯಾಬಿನ ಕೆಲಸ ಬಿಟ್ಟೆ. ಬಿಟ್ಟೆ ಎನ್ನುವುದೇನು... ಹೋಗಲಾಗಲಿಲ್ಲ.

ವಾರ್ಡಿನಲ್ಲಿ ಹೊಸ ನರ್ಸು ನನ್ನ ಕೇಸ್ ಶೀಟು ತಪ್ಪಾಗಿದೆಯೆಂದು ಎರಡು ಸಲ ವಾಪಸ್ ಕಳಿಸಿದಳು. ನಲವತ್ತೇಳು ಅಂತ ಬರೆದಿದಾರೆ, ಇಪ್ಪತ್ತೇಳು ಇರಬೇಕು ಎಂದು. ಪಕ್ಕದ ಮಂಚದ ಅಜ್ಜಿ, “ಇಷ್ಟು ಎಳೇ ಜೀವಕ್ಕೆ ಇದೇನು ಶಿಕ್ಷೆಯಪ್ಪ” ಎಂದು ಅತ್ತರು. ಆಕೆ ನಡೆದುಕೊಂಡು ಮನೆಗೆ ಹೋದರು.

ಇವತ್ತು ಊಟ ಆದ ಮೇಲೆ — ಊಟ ಎಂದರೆ ಅವಳು ಚಿಕ್ಕ ಚಮಚದಲ್ಲಿ ಹಾಕುವ ಗಂಜಿ — ಮಗಳು ಬಾಯಿ ಒರೆಸಿ, ಬಟ್ಟಲು ಕೆಳಗಿಟ್ಟು, ಮಂಚದ ಅಂಚಿನಲ್ಲಿ ಕೂತಳು. ಇವರು ಮೆಷಿನ್‌ಗೆ ಸ್ಟೆಬಿಲೈಸರ್ ತರಲು ಹೋಗಿದ್ದರು.

“ಅಮ್ಮ, ಆಸ್ಪತ್ರೆ ಬಿಡೋ ದಿನ ಡಾಕ್ಟ್ರು ಅಪ್ಪನ್ನ ಹೊರಗೆ ಕಳಿಸಿ ನಿನ್ನೊಬ್ಬಳ ಹತ್ರ ಮಾತಾಡಿದ್ರಲ್ಲ. ಏನಂದ್ರು?”

“ಮಾತ್ರೆ ಸರಿಯಾಗಿ ತಗೋ ಅಂದ್ರು.”

“ಮುಖ ನೋಡಿ ತಿಳ್ಕೊಳ್ಳೋಕೆ ನಂಗಾಗಲ್ಲಮ್ಮ. ನೀನು ಬಾಯಿ ಬಿಟ್ಟು ಹೇಳ್ಬೇಕು.”

ಕೋಪವಿರಲಿಲ್ಲ ಅವಳ ದನಿಯಲ್ಲಿ. ಅದಕ್ಕೇ ಹೇಳಿದೆ. ಇದ್ದದ್ದನ್ನು ಇದ್ದ ಹಾಗೆ. ಒಂದು ವರ್ಷ. ಇನ್ನೊಂದು ಸಲ ಜ್ವರ ಬಂದರೆ ಅದೂ ಇಲ್ಲ. ಅಪ್ಪನಿಗೆ ಹೇಳಬೇಡ, ಅವರು ವ್ಯಾನಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓಡಿಸುವವರು ಎಂದೆ. ಅಷ್ಟು ಹೇಳುವಷ್ಟರಲ್ಲಿ ಮೂರು ಸಲ ನಿಲ್ಲಿಸಬೇಕಾಯಿತು. ಅವಳು ಅವಸರ ಮಾಡಲಿಲ್ಲ. ನನ್ನ ಕೈ ಅವಳ ಎರಡು ಕೈಯೊಳಗಿತ್ತು.

“ಸರಿ,” ಎಂದಳು. ಬಟ್ಟಲು ತೊಳೆದು ಬರ್ತೀನಿ ಎಂದು ಎದ್ದುಹೋದಳು.

ಒಂದು ಬಟ್ಟಲು, ಒಂದು ಚಮಚ. ಹೋಗಿ ಕಾಲು ಗಂಟೆಯಾಯಿತು. ನಲ್ಲಿ ಪೂರ್ತಿ ತಿರುಗಿಸಿದ್ದಾಳೆ. ನೀರಿನ ಸದ್ದಿನಲ್ಲಿ ಕೇಳಿಸುವುದಿಲ್ಲ ಎಂದುಕೊಂಡಿದ್ದಾಳೆ. ಮೆಷಿನ್ ಸದ್ದಿದೆ, ನೀರಿನ ಸದ್ದಿದೆ, ಆದರೂ ಹೆತ್ತವಳಿಗೆ ಕೇಳಿಸುತ್ತದೆ.

ಇಲ್ಲಿಂದ ಅಡುಗೆಮನೆಗೆ ಹನ್ನೊಂದು ಹೆಜ್ಜೆ. ನಳಿಗೆ ಆರು ಹೆಜ್ಜೆಯವರೆಗೆ ಬರುತ್ತದೆ. ಉಳಿದ ಐದು ಹೆಜ್ಜೆ ಅದಿಲ್ಲದೆ ನಡೆಯಬೇಕು. ಆಗುತ್ತದೆ. ಗೋಡೆ ಹಿಡಿದುಕೊಂಡರೆ ಆಗುತ್ತದೆ. ಉಸಿರು ಸ್ವಲ್ಪ ಕೂಡಿಕೊಳ್ಳಲಿ, ಎದ್ದು ಹೋಗಿ ಅವಳನ್ನು ತಬ್ಬಿಕೊಳ್ಳಬೇಕು. ಪೆನ್ನು ಇಡುತ್ತೇನೆ.