ಕೀಲಿ ಹಾಕಲು ಕಲಿತ ಮಂಗ

ಘೋಣಸಗಿ, ಬುಧವಾರ

ಅಳಿಯ ಜುಬೇರನಿಗೆ ಗೈಬುಸಾಬ ಮಾಮಾನ ಸಲಾಮು.

ಜಗತ್ತಿನ ವಿಜ್ಞಾನಿಗಳೆಲ್ಲ ಹುಡುಕಿ ಸೋತ, ಮಂಗನಿಗೂ ಮನುಷ್ಯನಿಗೂ ನಡುವಿನ ಪ್ರಾಣಿಯನ್ನು ನಾನು ಒಂದೇ ಸಿಳ್ಳಿನಲ್ಲಿ ಪಳಗಿಸಿದ್ದೇನೆ. ಸರ್ಕಸ್ಸಿನವನಿಂದ ಒಂದು ಲಕ್ಷ ಕೊಟ್ಟು ಕೊಂಡದ್ದು. ನಿನ್ನ ಮಾಮಿ ಮಾತ್ರ, "ಮಂಗ್ಯಾನ್ನ ತಂದು ತಾನೂ ಮಂಗ್ಯಾ ಆಗ್ಯಾನ್ರಿ" ಎಂದು ಊರತುಂಬ ಹೇಳಿಕೊಂಡು ನಗುತ್ತಾಳೆ. ನಗಲಿ. ಕೂಲಿ ಹೆಂಗಸರ ಕೈ ನೋಡಿ ಅದು ಎರಡೇ ದಿನದಲ್ಲಿ ಒಣದ್ರಾಕ್ಷಿಯ ತೊಟ್ಟು ಬಿಡಿಸಲು ಕಲಿಯಿತು. ಮೂರನೆಯ ದಿನ ನನ್ನ ಕೈ ನೋಡಿ ಕೀಲಿ ಹಾಕಲು ಕಲಿಯಿತು.

ಈಗ ನಾನು ದ್ರಾಕ್ಷಿ ಗೋದಾಮಿನ ಒಳಗಿದ್ದೇನೆ, ಅದು ಹೊರಗಿದೆ. ಕೀಲಿಕೈಯನ್ನು ಹಲ್ಲಲ್ಲಿ ಕಚ್ಚಿಕೊಂಡು ಬಾಗಿಲಿಗೆ ಒರಗಿ ಕೂತಿದೆ. ನನ್ನ ಫೋನೂ ಅದರ ಹತ್ತಿರವೇ ಇದೆ. ಹಿಂದಿನ ಕಿಟಕಿಯ ಸರಳಿನ ಸಂದಿಯಿಂದ ಈ ಚೀಟಿ ಇಸಿದುಕೊಂಡು ಕೂಲಿಯ ರುದ್ರವ್ವ ನಿನಗೆ ತರುತ್ತಾಳೆ. "ಯಣ್ಣಾ, ಕೂಗಬ್ಯಾಡ್ರಿ, ಕೂಗಿದ್ರ ಅದು ಹಲ್ಲು ಕಿಸಿತೈತಿ" ಎನ್ನುತ್ತಾಳೆ.

ನಿನ್ನ ವೆಲ್ಡಿಂಗ್ ಅಂಗಡಿಯಿಂದ ಆ ಕಿಟಕಿಯ ಸರಳು ಕೊಯ್ಯುವ ಮಷೀನು ತೆಗೆದುಕೊಂಡು ಬಾ. ತಿಕೋಟಾ ಬಸ್ಸಿಗೆ ಕಾಯಬೇಡ, ಜೀಪು ಮಾಡು. ಕತ್ತಲಾಗುವ ಮೊದಲೇ ಬಾ.

ಮಾಮಿಗೆ ಇಷ್ಟು ಹೇಳು. ನಾನು ಕಳೆದದ್ದು ಒಂದು ಲಕ್ಷವಲ್ಲ, ಎರಡು ಲಕ್ಷ. ಆಕೆಗೆ ಒಂದನ್ನೇ ತೋರಿಸಿದ್ದೆ, ಆದರೆ ತಂದದ್ದು ಜೋಡಿ. ಇನ್ನೊಂದು ಇಲ್ಲೇ ಒಳಗೆ, ಮೂಟೆಯ ಮೇಲೆ ಕೂತು, ನಾನು ಬರೆಯುವ ಕೈಯನ್ನೇ ನೋಡುತ್ತಿದೆ.

ನಿನ್ನ ಮಾಮಾ,
ಗೈಬುಸಾಬ