ಪಟ್ಟಿಯಲ್ಲಿ ಬಿಟ್ಟುಹೋದ ತಂಗಿ

ತಮ್ಮಾ, ನಿನಗೂ ಮನೆಯವರಿಗೂ ಅಕ್ಕನ ಆಶೀರ್ವಾದ. ನಾನು ಕ್ಷೇಮ, ಮಂಡಿನೋವೂ ನನ್ನ ಜೊತೆಗೇ ಬಂದು ಇಳಿದಿದೆ.

ನಿನ್ನೆ ಮಗಳ ಸಂಶೋಧನೆಯ ಕೋಣೆ ನೋಡಿದೆ. ಯಾರು ಯಾರ ಮಕ್ಕಳೆಂದು ತಿಳಿಸಿ, ಒಂದು ನಿಯಮ ಬರೆದುಕೊಟ್ಟರೆ ಸಾಕು, ಉಳಿದದ್ದನ್ನು ಕಂಪ್ಯೂಟರೇ ತರ್ಕಿಸಿ ಹೇಳುತ್ತದೆ! ಅಮ್ಮನ ಕಡೆಯ ರಕ್ತ ನಿಲ್ಲದ ಕಾಯಿಲೆಗೆ ಅವಳು ಬರೆದ ನಿಯಮ ಇಷ್ಟೇ: ತಾಯಿಯಲ್ಲಿ ಇರಬಹುದಾದರೆ ಮಕ್ಕಳಲ್ಲೂ ಇರಬಹುದು. ಹೊಸ ಹೆಸರು ಸಿಗುವುದು ನಿಲ್ಲುವ ತನಕ ಅದು ಹುಡುಕುತ್ತಲೇ ಇತ್ತು. ಪಟ್ಟಿಯಲ್ಲಿ ನಾನೂ ಬಂದೆ, ನೀನೂ ಬಂದೆ. ದತ್ತು ಹೋದ ತಂಗಿ ಮಾತ್ರ ಬರಲಿಲ್ಲ.

"ಇಷ್ಟೂ ಗೊತ್ತಾಗ್ಲಿಲ್ವೇನೇ ನಿನ್ನ ಜಾಣ ಯಂತ್ರಕ್ಕೆ?" ಎಂದು ಛೇಡಿಸಿದೆ.

"ನೀನೇ ಹೇಳಿಲ್ವಲ್ಲಮ್ಮಾ! ಹೇಳದೇ ಇದ್ದದ್ದು ಇದಕ್ಕೆ ಇಲ್ಲ ಅಂತಲೇ ಲೆಕ್ಕ," ಎಂದಳು.

ನನ್ನ ನಗು ಅಲ್ಲೇ ನಿಂತಿತು. ಆ ಮನೆಗೆ ದತ್ತು ಕೊಟ್ಟ ಮೇಲೆ ಈ ಕಾಯಿಲೆಯ ವಿಷಯವನ್ನು ನಾವು ಯಾರೂ ತಂಗಿಗೆ ಹೇಳಿಯೇ ಇಲ್ಲ. ಅವಳ ಮಗಳ ಮಗನಿಗೆ ಮುಂದಿನ ತಿಂಗಳು ಗಂಟಲಿನ ಆಪರೇಷನ್ ಎಂದು ನೀನೇ ಬರೆದಿದ್ದೆ. ಈ ಕಾರ್ಡು ಕೈಸೇರಿದ ದಿನವೇ ಅವಳ ಮನೆಗೆ ಹೋಗಿ ವಿಷಯ ತಿಳಿಸಿ, ಆಪರೇಷನ್ನಿಗೆ ಮೊದಲು ಮಗುವಿನ ರಕ್ತ ಪರೀಕ್ಷೆ ಮಾಡಿಸು. ಯಾರು ಹೇಳಿದ್ದೆಂದು ತಂಗಿ ಕೇಳಿದರೆ, 'ನಿನ್ನ ಸ್ವಂತ ಅಕ್ಕ' ಎನ್ನು.

ಜಾಗ ಮುಗಿಯಿತು.
ಅಕ್ಕ