ಗಾಳಿಯನ್ನು ಹಿಂದಕ್ಕೆ ಓಡಿಸಿದೆ

ಭಾನುವಾರ, ಬೆಳಿಗ್ಗೆ

ನನ್ನ ಮಗಳ ಅಪ್ಪನಿಗೆ,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ. ಬರೆಯುತ್ತಿರುವುದೂ ಎಡಗೈಯಲ್ಲಿ; ಬಲಗೈಯ ಗತಿ ಏನಾಯಿತೆಂದು ನಿನಗೇ ಗೊತ್ತು. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಕಷ್ಟಪಟ್ಟು ಓದಿಕೋ. ಇಷ್ಟು ವರ್ಷ ‘ನೀವು’ ‘ನಿಮಗೆ’ ಎಂದು ಬಾಯಿ ಸವೆಸಿದ್ದು ಸಾಕು. ಇನ್ನು ನೀನು ಬರೀ ನೀನು.

ನಾಳೆ ನಾನು ವಿಚಾರಣಾ ಸಮಿತಿಯ ಮುಂದೆ ನಿಲ್ಲಬೇಕು. ಹವಾಮಾನ ಕಚೇರಿಯ ನಕ್ಷೆಯೇ ತಪ್ಪಾಗಿತ್ತು ಅಂತ ಸಹಿ ಹಾಕು, ಇಲ್ಲದಿದ್ದರೆ ಮಗಳ ಮುಖ ಮರೆತುಬಿಡು ಎಂದು ನಿನ್ನೆ ಹೇಳಿ ಹೋದೆಯಲ್ಲ, ಅದಕ್ಕೆ ಉತ್ತರ ಇದು.

ಅಣುಸ್ಥಾವರದ ಸೈರನ್ ಕೂಗಿದ ಆ ಮಧ್ಯಾಹ್ನ ನಮ್ಮ ಹವಾಮಾನ ಕಚೇರಿಗೆ ಫೋನ್ ಮಾಡಿದ್ದು ನೀನೇ, ಅಲ್ಲಿನ ಪಾಳಿಯ ಮುಖ್ಯಸ್ಥ. ಹೆಂಡತಿಯ ದನಿಯನ್ನು ಗುರುತೇ ಇಲ್ಲದವನ ಹಾಗೆ ಕೇಳಿಸಿಕೊಂಡು, ವಿಕಿರಣದ ಧೂಳು ಎಷ್ಟು ಹೊರಬಿತ್ತು, ಎಷ್ಟು ಎತ್ತರದಿಂದ ಬಿತ್ತು ಎಂದು ಒಪ್ಪಿಸಿದೆ. ಯಾವಾಗ ಎಂದು ನಾನು ಕೇಳಿದೆ. ‘ಈಗಷ್ಟೇ’ ಎಂದೆ. ನಾನು ನಂಬಿದೆ. ಕಂಪ್ಯೂಟರಿನೊಳಗೆ ಲಕ್ಷಗಟ್ಟಲೆ ಕಣಗಳನ್ನು ಬಿಟ್ಟು, ಗಾಳಿ ಅವನ್ನು ಎತ್ತ ಹೊತ್ತೊಯ್ಯುತ್ತದೆ, ಮಳೆ ಎಲ್ಲಿ ಕೆಳಗಿಳಿಸುತ್ತದೆ ಎಂದು ನೋಡುವುದು ನನ್ನ ಕಸುಬು. ಆಗ ಗಾಳಿ ಪಶ್ಚಿಮಕ್ಕೆ ಬೀಸುತ್ತಿತ್ತು. ಕಣಗಳೆಲ್ಲ ಪಶ್ಚಿಮಕ್ಕೆ ಹೋದವು. ಜನರನ್ನು ಪೂರ್ವಕ್ಕೆ ಸಾಗಿಸಿ ಎಂದು ನಕ್ಷೆ ಕೊಟ್ಟೆವು, ಬಸ್ಸುಗಳು ಹೊರಟವು.

ಅವತ್ತು ಬೆಳಿಗ್ಗೆ ಗಾಳಿ ಪೂರ್ವಕ್ಕೆ ಬೀಸಿತ್ತು ಕಣೋ! ಒಳಗಿನ ಒತ್ತಡ ಇಳಿಸಲು ನೀನು ಚಿಮಣಿಯ ಕವಾಟ ತೆರೆದದ್ದು ಆಗ. ನಿನ್ನ ಧೂಳೆಲ್ಲ ಪೂರ್ವದಲ್ಲಿ, ಹೊಳೆಯಾಚೆಯ ಮೈದಾನದ ಮೇಲೆ ತೂಗುತ್ತಿತ್ತು, ನಾವು ಊರನ್ನೇ ಅದರ ಕೆಳಗೆ ತಂದು ಇಳಿಸಿದೆವು. ಇಳಿಸಿದ ಮೇಲೆ ಮಳೆ ಹುಯ್ದಿತು. ವಿಕಿರಣ ಮಾಪಕಗಳು ಕಿರುಚತೊಡಗಿದಾಗ ಜನ ಸೇತುವೆಯತ್ತ ಹಿಂದಕ್ಕೆ ಓಡಿದರು. ಮೈಗಂಟಿದ ಧೂಳು ಊರಿಗೆ ಬರಬಾರದೆಂದು ಪೊಲೀಸರು ಸೇತುವೆಗೆ ಅಡ್ಡ ನಿಂತು ದೊಣ್ಣೆ ಬೀಸಿದರು. ಬಿದ್ದವರನ್ನು ತುಳಿದೇ ಉಳಿದವರು ಹತ್ತಿದರು. ಸೇತುವೆಯ ಅಂಚಿನ ಕಟಾಂಜನ ಮುರಿದು ಜನ ಹೊಳೆಗೆ ಉರುಳಿದರು. ಹೊಳೆಯಿಂದ ಎತ್ತಿದ ಹೆಣಗಳನ್ನು ಯಾರಿಗೂ ಮುಟ್ಟಿ ಅಳಲೂ ಬಿಡಲಿಲ್ಲ.

ಬದುಕಿ ಬಂದವರು ನೇರ ನಮ್ಮ ಕಚೇರಿಗೆ ನುಗ್ಗಿದರು. ನಮ್ಮ ಹಿರಿಯರು, ನೀನು ಮೋಡದಜ್ಜ ಎಂದು ಗೇಲಿ ಮಾಡುತ್ತಿದ್ದೆಯಲ್ಲ, ಅವರೇ ಬಾಗಿಲಿಗೆ ಹೋಗಿ ಕೈಮುಗಿದರು. ಜನ ಅವರ ಕೂದಲು ಹಿಡಿದು ಮೆಟ್ಟಿಲ ಮೇಲೆ ದರದರ ಎಳೆದರು. ಕುರ್ಚಿ ಮುರಿದು ಅದರ ಕಾಲಿನಿಂದಲೇ ಚಚ್ಚಿದರು. ‘ಲೆಕ್ಕ ಸರಿ ಇತ್ರಪ್ಪಾ, ಲೆಕ್ಕ ಸರಿ ಇತ್ತು’ ಎಂದು ಮೋಡದಜ್ಜ ಬಾಯಿ ತುಂಬ ರಕ್ತ ಬರುವವರೆಗೂ ಹೇಳುತ್ತಲೇ ಇದ್ದರು. ನನ್ನ ಪಕ್ಕೆಗೆ ಒದ್ದವನು ನಮಗೆ ದಿನಾ ಹಾಲು ಹಾಕುತ್ತಿದ್ದವನು. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನ ತಂಗಿ ಸೇತುವೆಯ ಕೆಳಗಿದ್ದಳು. ಮೋಡದಜ್ಜನ ಹೆಣ ಅಂಗಳದಲ್ಲಿದ್ದಾಗಲೇ ನೀನು ಟೀವಿಯಲ್ಲಿ ಕೂತು, ನಕ್ಷೆ ಮಾಡಿದವರ ಎಡವಟ್ಟು ಎಂದು ಸತ್ತವರ ತಲೆಗೆ ಗೂಬೆ ಕೂರಿಸಿದೆ.

ಅವತ್ತೇ ಪಕ್ಕೆಲುಬಿಗೆ ಪಟ್ಟಿ ಕಟ್ಟಿಕೊಂಡು ಕೂತೆ. ಊರೂರಿನ ಗಾಳಿ ಸೋಸುವ ಕಾಗದಗಳಲ್ಲಿ ಯಾವ ಹೊತ್ತಿಗೆ ಎಷ್ಟು ಧೂಳು ಸಿಕ್ಕಿತ್ತು ಎಂದು ತರಿಸಿಕೊಂಡೆ. ಕಂಪ್ಯೂಟರಿನೊಳಗೆ ಕಣಗಳನ್ನು ಅಲ್ಲಿಂದಲೇ ಬಿಟ್ಟು ಗಾಳಿಯನ್ನು ಹಿಂದಕ್ಕೆ ಓಡಿಸಿದೆ. ಒಂದು ಸಲ ಅಲ್ಲ, ಅನುಮಾನ ತೀರುವಷ್ಟು ಸಲ. ಪ್ರತಿ ಸಲವೂ ಅವು ನಿನ್ನ ಚಿಮಣಿಯ ಬಾಯಿಗೇ ಬಂದು ನಿಂತವು. ಪ್ರತಿ ಸಲವೂ ಹೊತ್ತು ಬೆಳಗಿನದೇ.

ಕವಾಟ ತೆರೆದದ್ದು ತಪ್ಪಲ್ಲ, ತೆರೆಯದಿದ್ದರೆ ಸ್ಥಾವರವೇ ಸಿಡಿದುಹೋಗುತ್ತಿತ್ತೆಂದು ನನಗೂ ತಿಳಿದಿದೆ. ತೆರೆದೆ ಎಂದು ಒಂದು ಮಾತು ಹೇಳಬಾರದಿತ್ತೇ? ಕುರ್ಚಿ ಹೋಗುತ್ತದೆಂದು ಹೆದರಿದೆಯಾ?

ನಿನ್ನೆ ಇದನ್ನೇ ಕೇಳಿದ್ದಕ್ಕೆ ಹಲ್ಲು ಕಿಸಿದೆ. ‘ಯಂತ್ರದ ಲೆಕ್ಕ ಯಾರ್ ನಂಬ್ತಾರೆ? ಬೆಳಿಗ್ಗೆ ನೋಡ್ದೋರು ಯಾರಿದ್ದಾರೆ, ಕರ್ಕೊಂಡ್ ಬಾ’ ಎಂದೆ. ಪೆನ್ನು ಹಿಡಿಯಲಿಲ್ಲವೆಂದು ನನ್ನ ಮಣಿಕಟ್ಟನ್ನು ಮೇಜಿನ ಅಂಚಿಗಿಟ್ಟು ಒತ್ತಿದೆ. ಲಟಕ್ಕೆಂದ ಸದ್ದು ಅಡುಗೆಮನೆಗೂ ಕೇಳಿತಂತೆ. ಮಗಳು ನಿನ್ನ ಮೀನಖಂಡಕ್ಕೆ ಕಚ್ಚಿದಳು, ನೀನು ಒದ್ದ ಏಟಿಗೆ ಅವಳ ತುಟಿ ಹರಿಯಿತು. ಆಗ ಅತ್ತೆ, ನಿನ್ನ ಹೆತ್ತ ತಾಯಿ, ಒಲೆಯ ಮೇಲಿನ ಬಾಣಲೆಯನ್ನೇ ಎತ್ತಿ ನಿನ್ನ ಭುಜಕ್ಕೆ ಬಾರಿಸಿದರು. ‘ಅಮ್ಮಾ’ ಎಂದು ಅರಚಿದೆಯಲ್ಲ, ಅದು ನೋವಿಗೋ ಅವರನ್ನು ಕರೆದದ್ದೋ ನನಗೆ ತಿಳಿಯಲಿಲ್ಲ.

ನನಗೆ ಭಯವಿದೆ, ಮುಚ್ಚಿಡುವುದಿಲ್ಲ. ಬರೀ ಅಂಕಿಗಳನ್ನು ಹಿಡಿದು ಹೋಗುತ್ತಿದ್ದೇನೆ, ಸಮಿತಿ ನಗಬಹುದು. ಆದರೂ ಸಹಿ ಹಾಕುವುದಿಲ್ಲ. ಮಗಳನ್ನು ಮುಟ್ಟಲು ಬಂದರೆ ಈ ಎಡಗೈಯೇ ಸಾಕು ನಿನಗೆ.

ಇನ್ನು ನಿನ್ನ ಹೆಂಡತಿಯಲ್ಲದ,
ನಕ್ಷೆ ಮಾಡಿದವಳು

ತಾ.ಕ.: ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಆಮೇಲೆ ಅವರು ಬಾಯಿಬಿಟ್ಟರು. ಅವತ್ತು ನಾನು ಕೆಲಸಕ್ಕೆ ಹೊರಟ ಮೇಲೆ, ಮಗಳು ಶಾಲೆಗೆ ಹೊರಡುವ ಮೊದಲು, ನೀನು ಮನೆಗೆ ಫೋನ್ ಮಾಡಿದ್ದೆಯಂತೆ. ‘ಕಿಟಕಿ ಬಾಗಿಲು ಹಾಕ್ಕೋಮ್ಮ, ಮಗೂನ ಹೊರಗೆ ಬಿಡ್ಬೇಡ, ಯಾರ್ ಕರೆದ್ರೂ ಹೋಗ್ಬೇಡಿ’ ಎಂದೆಯಂತೆ. ಸೊಸೆಗೆ ಹೇಳಲೇ ಎಂದು ಅವರು ಕೇಳಿದ್ದಕ್ಕೆ ‘ಅವಳಿಗಂತೂ ಬೇಡವೇ ಬೇಡ’ ಎಂದೆಯಂತೆ. ಮಗನ ಮಾತೆಂದು ಅವರು ಬಾಯಿ ಹೊಲಿದುಕೊಂಡರು. ಮಧ್ಯಾಹ್ನ ಪಕ್ಕದ ಮನೆಯ ದರ್ಜಿಯ ಹೆಂಡತಿ ಪೂರ್ವದ ಬಸ್ಸಿಗೆ ಹೊರಟಾಗ, ಕಿಟಕಿಯ ಗಾಜಿನ ಹಿಂದೆ ನಿಂತು ಅವಳ ಕೂಸಿಗೆ ಕೈಬೀಸಿದರಂತೆ. ಆ ಕೂಸು ಹೊಳೆಯಲ್ಲಿ ಸಿಕ್ಕಿತು. ‘ಬೆಳಿಗ್ಗೆ ಏನಾಯ್ತು ಅಂತ ನಾಳೆ ಸಮಿತಿ ಮುಂದೆ ನಾನೇ ಹೇಳ್ತೀನಿ. ಅವನಿಗೂ ಬರೆದುಬಿಡಮ್ಮ’ ಎಂದರು. ಬರೆದಿದ್ದೇನೆ.